ಟೊಬ್ರುಕ್‌ನ ಕರಪತ್ರ, ಅಜ್ಜನ ಟ್ರಂಕಿನ ಕರಪತ್ರ

ಪ್ರಶ್ನೆ: ಬಹಳ ವರ್ಷಗಳಿಂದ ಅಂಚೆಚೀಟಿ, ಹಳೆಯ ಲಕೋಟೆ ಸಂಗ್ರಹಿಸುತ್ತಿದ್ದೇನೆ. ಈಚೆಗೆ ಎರಡನೇ ಮಹಾಯುದ್ಧದ ಪ್ರಚಾರ ಕರಪತ್ರಗಳ ಕಡೆ ಮನಸ್ಸು ಹೊರಳಿದೆ. ಸದ್ಯ ಕೈಯಲ್ಲಿ ಎರಡಿವೆ. ಒಂದು, ವಿದೇಶದ ಆನ್‌ಲೈನ್ ಹರಾಜಿನಲ್ಲಿ ಕೊಂಡದ್ದು. ಲಿಬಿಯಾದ ಟೊಬ್ರುಕ್ ನಗರವನ್ನು 1941ರಲ್ಲಿ ಜರ್ಮನ್ನರು ಮುತ್ತಿದ್ದಾಗ ಒಳಗಿದ್ದ ಆಸ್ಟ್ರೇಲಿಯನ್ ಸೈನಿಕರ ಮೇಲೆ ವಿಮಾನದಿಂದ ಎಸೆದದ್ದಂತೆ, 'ಆಸೀಸ್!' (ಆಸ್ಟ್ರೇಲಿಯನ್ನರೇ!) ಎಂದು ಶುರುವಾಗುತ್ತದೆ. ಇನ್ನೊಂದು ನನ್ನ ತಾಯಿಯ ತಂದೆಯ ಟ್ರಂಕಿನಲ್ಲಿ ಸಿಕ್ಕಿತು. ಒಂದು ಬದಿಯಲ್ಲಿ ಮಿಲಿಟರಿ ಸಮವಸ್ತ್ರ ತೊಟ್ಟ ಸುಭಾಷ್‌ಚಂದ್ರ ಬೋಸರ ಚಿತ್ರ, ಇನ್ನೊಂದು ಬದಿಯಲ್ಲಿ ಇಂಗ್ಲಿಷ್ ಲಿಪಿಯಲ್ಲಿ ಬರೆದ ಹಿಂದುಸ್ತಾನಿ, ಕೊನೆಗೆ 'ಚಲೋ ದಿಲ್ಲಿ'. ಅಜ್ಜ ಸೇನೆಯ ಸರ್ವಿಸ್ ಕೋರ್‌ನಲ್ಲಿ ಲಾರಿ ಓಡಿಸುತ್ತಿದ್ದರು, ಆಫ್ರಿಕಾಕ್ಕೆ ಹೋಗಿದ್ದರು. 'ಮುತ್ತಿಗೆಯೊಳಗೆ ಸಿಕ್ಕಿಕೊಂಡಾಗ ತಂದದ್ದು' ಎಂದು ಮನೆಯಲ್ಲಿ ಹೇಳುತ್ತಾರೆ. ಎರಡೂ ಟೊಬ್ರುಕ್‌ನವೇ? ಅಸಲಿಯೇ? ಸಂಗ್ರಹ ಮುಂದುವರಿಸಲು ಏನು ತಿಳಿದಿರಬೇಕು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ, ವಿವರ ಆಮೇಲೆ. ನೀವು ದುಡ್ಡು ಕೊಟ್ಟು ಕೊಂಡ ಕರಪತ್ರದ ಒಕ್ಕಣೆ ಅಸಲಿ, ಅದರಲ್ಲಿ ಅನುಮಾನವಿಲ್ಲ. ಆದರೆ ನಿಮ್ಮ ಕೈಯಲ್ಲಿರುವ ಕಾಗದವೂ 1941ರದ್ದೇ ಎಂದು ಹೇಳಬೇಕಾದರೆ ಪರೀಕ್ಷೆ ಆಗಬೇಕು. ಅಜ್ಜನ ಟ್ರಂಕಿನದು ಟೊಬ್ರುಕ್‌ನದಂತೂ ಅಲ್ಲ. ಹಾಗೆಂದು ಮನೆಯವರ ಮಾತನ್ನು ತಳ್ಳಿಹಾಕಬೇಡಿ. ಮುತ್ತಿಗೆ ನಿಜವೇ ಇದ್ದೀತು, ಊರು ಮಾತ್ರ ಬೇರೆ.

ಅಂಚೆಚೀಟಿಯಿಂದ ಈ ಕಡೆಗೆ ಬಂದವರು ಕರಪತ್ರ ಕೈಗೆ ಬಂದ ಕೂಡಲೇ ಭೂತಗನ್ನಡಿ ಹಿಡಿದು ಕಾಗದ, ಶಾಯಿ, ವಾಟರ್‌ಮಾರ್ಕ್ ನೋಡಲು ಕೂರುತ್ತಾರೆ. ಅಭ್ಯಾಸಬಲ. ಅದೆಲ್ಲ ಬೇಕು, ಆದರೆ ಎರಡನೆಯ ಹಂತದಲ್ಲಿ. ಮೊದಲು ಕೂತು ಓದಿ, ಒಂದೊಂದು ವಾಕ್ಯಕ್ಕೂ ನಿಂತು ಓದಿ. ಶತ್ರುಸೈನಿಕನನ್ನು ನಂಬಿಸಲು ಹೊರಟ ಕಾಗದ ಬರೀ ಸುಳ್ಳು ಹೇಳಿದರೆ ನಡೆಯುವುದಿಲ್ಲ. ಅವನಿಗೂ ರೇಡಿಯೊ ಇದೆ, ಅವನ ಕಿವಿಗೂ ಸುದ್ದಿ ಬಿದ್ದಿದೆ. ಹಾಗಾಗಿ ಆ ವಾರದ, ಆ ತಿಂಗಳ ನಿಜಸಂಗತಿಗಳನ್ನೇ ಎತ್ತಿಕೊಂಡು ಅದರ ಮೇಲೆ ಸುಳ್ಳನ್ನು ಕಟ್ಟಬೇಕಾಗುತ್ತದೆ. ಕರಪತ್ರದ ಕಾಲ ಗೊತ್ತಾಗುವುದು ಅದರೊಳಗಿನ ಸತ್ಯಗಳಿಂದ.

ಟೊಬ್ರುಕ್ ಲಿಬಿಯಾದ ಪೂರ್ವ ಕರಾವಳಿಯ ಬಂದರು. 1941ರ ಜನವರಿ 22ರಂದು ಆಸ್ಟ್ರೇಲಿಯದ ಪಡೆಗಳು ಅದನ್ನು ಇಟಾಲಿಯನ್ನರಿಂದ ಕಿತ್ತುಕೊಂಡವು. ಮೂರೇ ವಾರದಲ್ಲಿ ಜರ್ಮನ್ ಸೇನಾಪತಿ ರೊಮೆಲ್ ಟ್ರಿಪೊಲಿಗೆ ಬಂದಿಳಿದ. ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಬ್ರಿಟಿಷ್ ಸೇನೆ ಈಜಿಪ್ಟ್ ಗಡಿಗೆ ಹಿಮ್ಮೆಟ್ಟಿ, ಟೊಬ್ರುಕ್ ಮಾತ್ರ ಹಿಂದೆ ಉಳಿದು ಮುತ್ತಿಗೆಗೆ ಸಿಕ್ಕಿತು. ಒಳಗಿದ್ದವರಲ್ಲಿ ಸುಮಾರು 14,000 ಮಂದಿ ಆಸ್ಟ್ರೇಲಿಯನ್ನರು, ಅವರ ನಾಯಕ ಮೇಜರ್ ಜನರಲ್ ಲೆಸ್ಲಿ ಮೋರ್ಸ್‌ಹೆಡ್. ಜೊತೆಗೆ ಬ್ರಿಟಿಷ್ ಫಿರಂಗಿ ದಳಗಳು, ಮತ್ತು ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ, ಭಾರತದ 18ನೇ ಕ್ಯಾವಲ್ರಿ ರೆಜಿಮೆಂಟ್. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಆಸ್ಟ್ರೇಲಿಯನ್ನರಲ್ಲಿ ಹೆಚ್ಚಿನವರನ್ನು ಹಡಗಿನಲ್ಲಿ ಕಳಿಸಿ ಪೋಲಿಷ್, ಬ್ರಿಟಿಷ್ ಪಡೆಗಳನ್ನು ಒಳತಂದರು. ನವೆಂಬರ್ 18ಕ್ಕೆ ಶುರುವಾದ 'ಕ್ರುಸೇಡರ್' ಕಾರ್ಯಾಚರಣೆಯಲ್ಲಿ ಹೊರಗಿನ ಸೇನೆ ಬಂದು ಕೂಡಿಕೊಂಡದ್ದು ನವೆಂಬರ್ 27ಕ್ಕೆ.

ಈ ತಾರೀಖುಗಳನ್ನು ಸಂಗ್ರಾಹಕ ಬಾಯಿಪಾಠ ಮಾಡಿರಬೇಕು. 'ಟೊಬ್ರುಕ್ ಮುತ್ತಿಗೆ, ಆಸ್ಟ್ರೇಲಿಯನ್ನರಿಗೆ, ಡಿಸೆಂಬರ್ 1941' ಎಂಬ ವಿವರಣೆ ಮಾರಾಟಗಾರರಿಂದ ಬಂತೆಂದರೆ ಅವರಿಗೆ ತಮ್ಮ ಮಾಲಿನ ಬಗ್ಗೆ ಗೊತ್ತಿಲ್ಲ ಎಂದೇ ಅರ್ಥ.

ಇಲ್ಲಿ ಬಿದ್ದ ಇಂಗ್ಲಿಷ್ ಕರಪತ್ರಗಳಲ್ಲಿ ಎರಡು ಪ್ರಸಿದ್ಧ. ಮೊದಲನೆಯದು ಏಪ್ರಿಲ್‌ನದು. ಲಿಬಿಯಾದ ಜರ್ಮನ್ ಪಡೆಗಳ ದಂಡನಾಯಕನ ಹೆಸರಿನಲ್ಲಿ, ಸರ್ಕಾರಿ ನೋಟಿಸಿನ ಧಾಟಿಯಲ್ಲಿ ಇದೆ: ಟೊಬ್ರುಕ್‌ನಲ್ಲಿರುವ ಬ್ರಿಟಿಷ್ ಪಡೆಗಳು ಶಸ್ತ್ರ ಕೆಳಗಿಡಬೇಕೆಂದು ಕೋರಿಕೆ, ಬಿಳಿ ಕರವಸ್ತ್ರ ಬೀಸುತ್ತ ಒಬ್ಬೊಬ್ಬರಾಗಿ ಬಂದವರ ಮೇಲೆ ಗುಂಡು ಹಾರಿಸುವುದಿಲ್ಲ ಎಂಬ ಭರವಸೆ, ಸುತ್ತಲೂ ಬಲವಾದ ಜರ್ಮನ್ ಪಡೆಗಳಿವೆ ಎಂಬ ಬೆದರಿಕೆ. ನಡುವೆ ಎರಡೇ ಪದದ ಒಂದು ವಾಕ್ಯ: ಮೆಕಿಲಿಯನ್ನು ನೆನೆಯಿರಿ. ಮುತ್ತಿಗೆಯ ಸೈನಿಕರ ನಡುವೆ ಇದಕ್ಕೊಂದು ಉತ್ತರ ಓಡಾಡಿತು. ಕುಡಿಯಲೇ ನೀರಿಲ್ಲ, ಇನ್ನು ಬಟ್ಟೆ ಒಗೆಯುವುದೆಲ್ಲಿ. ಬಿಳಿ ಅನ್ನಬಹುದಾದ ಕರವಸ್ತ್ರ ಇಡೀ ಊರಿನಲ್ಲಿ ಒಂದೂ ಇಲ್ಲ ಎಂದು.

ನಕ್ಕು ಮುಂದೆ ಹೋಗುವ ಮುನ್ನ ಆ 'ಮೆಕಿಲಿ' ಹತ್ತಿರ ಸ್ವಲ್ಪ ನಿಲ್ಲಿ. ನಮ್ಮವರ ಮಟ್ಟಿಗೆ ಇಡೀ ಕರಪತ್ರದಲ್ಲಿ ಮುಖ್ಯವಾದ ಪದ ಅದು. ಮೆಕಿಲಿ ಎಂಬುದು ಟೊಬ್ರುಕ್‌ಗೆ ಪಶ್ಚಿಮದ ಮರುಭೂಮಿಯಲ್ಲಿದ್ದ ಹಳೆಯ ಕೋಟೆ. 1941ರ ಏಪ್ರಿಲ್ 8ರಂದು ಅಲ್ಲಿ ಜರ್ಮನ್-ಇಟಾಲಿಯನ್ ಪಡೆಗಳ ನಡುವೆ ಸಿಕ್ಕಿಬಿದ್ದದ್ದು 3ನೇ ಇಂಡಿಯನ್ ಮೋಟರ್ ಬ್ರಿಗೇಡ್, ಜೊತೆಗೆ ಬ್ರಿಟಿಷ್ 2ನೇ ಆರ್ಮರ್ಡ್ ಡಿವಿಷನ್ನಿನ ಕಚೇರಿ. ಕೆಲವರು ಭೇದಿಸಿಕೊಂಡು ಹೊರಬಂದರು, ಬಹಳ ಮಂದಿ ಸೆರೆಯಾದರು. ಅದೇ ಬ್ರಿಗೇಡಿನ 18ನೇ ಕ್ಯಾವಲ್ರಿ ಬೇರೆ ಕಡೆ ಇದ್ದುದರಿಂದ ತಪ್ಪಿಸಿಕೊಂಡು ಟೊಬ್ರುಕ್ ಸೇರಿತು. ಅಂದರೆ ಮೆಕಿಲಿಯ ಹೆಸರೆತ್ತಿದ ಆ ಕಾಗದ ಒಳಗಿದ್ದ ಭಾರತೀಯ ಸವಾರರ ಮೇಲೆ ಬಿದ್ದಾಗ, ಅವರ ಮಟ್ಟಿಗೆ ಅದು ತಮ್ಮ ಜೊತೆಗಾರರ ಸುದ್ದಿ. ಮೆಕಿಲಿ ಬಿದ್ದ ಮೇಲಿನದೇ ಆದ್ದರಿಂದ ಈ ಕರಪತ್ರ ಏಪ್ರಿಲ್ 8ಕ್ಕಿಂತ ಮೊದಲಿನದಾಗಲು ಸಾಧ್ಯವಿಲ್ಲ. ಒಂದು ಊರಿನ ಹೆಸರು ಕರಪತ್ರದ ತಾರೀಖನ್ನು ಹಿಡಿದು ಕೊಡುವುದು ಹೀಗೆ.

ಈಗ ನಿಮ್ಮ 'ಆಸೀಸ್!' ಅದರ ಒಕ್ಕಣೆಯ ಸಾರ ಹೀಗಿದೆ: ಕ್ರೀಟ್‌ನ ದುರಂತದ ಬಳಿಕ ಆನ್ಜಾಕ್ (ಆಸ್ಟ್ರೇಲಿಯ-ನ್ಯೂಜಿಲೆಂಡ್) ಪಡೆಗಳನ್ನು ಇಂಗ್ಲೆಂಡು ಈಗ ಟೊಬ್ರುಕ್‌ನಲ್ಲಿ, ಸಿರಿಯಾದಲ್ಲಿ ನಿರ್ದಯವಾಗಿ ಬಲಿ ಕೊಡುತ್ತಿದೆ. ಟರ್ಕಿ ಜರ್ಮನಿಯ ಜೊತೆ ಸ್ನೇಹದ ಒಪ್ಪಂದ ಮಾಡಿಕೊಂಡಿದೆ. ಇಂಗ್ಲೆಂಡನ್ನು ಬೇಗನೆ ಮೆಡಿಟರೇನಿಯನ್‌ನಿಂದ ಓಡಿಸಲಾಗುವುದು. ನಿಮ್ಮನ್ನು ಬಿಡಿಸಲು ಈಜಿಪ್ಟ್‌ನಿಂದ ಹೊರಟ ದಾಳಿ ನುಚ್ಚುನೂರಾಗಿದೆ. ನೀವು ತಪ್ಪಿಸಿಕೊಳ್ಳಲಾರಿರಿ. ನಮ್ಮ ಬಾಂಬರುಗಳು ನಿಮ್ಮ ಹಡಗುಗಳನ್ನು ಮುಳುಗಿಸಲು ಕಾದಿವೆ. ನಿಮ್ಮ ಭವಿಷ್ಯ, ಊರಿನಲ್ಲಿರುವ ನಿಮ್ಮವರನ್ನು ನೆನೆದುಕೊಂಡು ಬಿಳಿ ಬಾವುಟ ಹಿಡಿದು ಮುಂದೆ ಬನ್ನಿ, ಶರಣಾಗಿ!

ಒಂದೊಂದನ್ನೂ ತಾಳೆ ಹಾಕೋಣ. ಕ್ರೀಟ್ ದ್ವೀಪ ಜರ್ಮನ್ನರ ವಶವಾದದ್ದು 1941ರ ಜೂನ್ 1ಕ್ಕೆ. ಸಿರಿಯಾದಲ್ಲಿ ವಿಷಿ ಫ್ರೆಂಚರ (ಜರ್ಮನಿಗೆ ಮಣಿದಿದ್ದ ಫ್ರೆಂಚ್ ಸರ್ಕಾರದವರ) ಮೇಲಿನ ದಾಳಿ ಶುರುವಾದದ್ದು ಜೂನ್ 8ಕ್ಕೆ, ಆಸ್ಟ್ರೇಲಿಯದ 7ನೇ ಡಿವಿಷನ್ ಅದರಲ್ಲಿತ್ತು. ಈಜಿಪ್ಟ್ ಕಡೆಯಿಂದ ಟೊಬ್ರುಕ್ ಬಿಡಿಸಲು ಹೊರಟ 'ಬ್ಯಾಟಲ್‌ಆ್ಯಕ್ಸ್' ಕಾರ್ಯಾಚರಣೆ ಜೂನ್ 15ರಿಂದ 17ರವರೆಗೆ ನಡೆದು ಮುಗ್ಗರಿಸಿತು. ಜರ್ಮನಿ-ಟರ್ಕಿ ಒಪ್ಪಂದಕ್ಕೆ ಸಹಿ ಬಿದ್ದದ್ದು ಜೂನ್ 18ಕ್ಕೆ. ಸಿರಿಯಾದ ಹೋರಾಟ ಜುಲೈ ಮಧ್ಯದಲ್ಲಿ ಕದನವಿರಾಮದೊಂದಿಗೆ ಮುಗಿಯಿತು. ಕರಪತ್ರವೋ, ಸಿರಿಯಾದಲ್ಲಿ 'ಈಗ' ಬಲಿ ಕೊಡಲಾಗುತ್ತಿದೆ ಎನ್ನುತ್ತದೆ. ಅಂದಮೇಲೆ ಈ ಒಕ್ಕಣೆ ಬರೆದದ್ದು ಜೂನ್ 18ರ ನಂತರ, ಜುಲೈ ಮಧ್ಯಕ್ಕೆ ಮೊದಲು. ನಾಲ್ಕು ವಾರದ ಕಿಂಡಿ. ಕಾಗದ ಮುಟ್ಟದೆ, ಬರೇ ಓದಿ, ಇಷ್ಟು ದೊರಕಿತು.

ಇನ್ನೂ ಒಂದು ಕುತೂಹಲದ ಮಾತು. ಜೂನ್ 22ಕ್ಕೆ ಹಿಟ್ಲರ್ ಸೋವಿಯತ್ ಒಕ್ಕೂಟದ ಮೇಲೆ ದಂಡೆತ್ತಿ ಹೋದ. ಅಷ್ಟು ದೊಡ್ಡ ಸುದ್ದಿಯ ಸುಳಿವೇ ಈ ಕರಪತ್ರದಲ್ಲಿಲ್ಲ. ಹಾಗಾದರೆ 18ರಿಂದ 22ರ ನಡುವೆಯೇ ಬರೆದದ್ದು ಎಂದು ವಾದಿಸುವವರು ಸಿಗುತ್ತಾರೆ. ನನಗೆ ಆ ವಾದ ಅಷ್ಟು ಒಪ್ಪಿಗೆಯಿಲ್ಲ. ಬರೆದವನು ಆಸ್ಟ್ರೇಲಿಯನ್ನರ ಮನಸ್ಸಿಗೆ ಹತ್ತಿರದ ವಿಷಯಗಳನ್ನಷ್ಟೇ ಆರಿಸಿಕೊಂಡಿರಬಹುದು. ರಷ್ಯಾದ ಮಾತು ಅವರಿಗೆ 'ಜರ್ಮನ್ನರಿಗೆ ಇನ್ನೊಂದು ರಣರಂಗ ಹೆಚ್ಚಾಯಿತು' ಎಂಬ ಸಮಾಧಾನವನ್ನೂ ಕೊಟ್ಟೀತು. ಇಲ್ಲದಿರುವುದನ್ನು ಸಾಕ್ಷಿಯಾಗಿ ಹಿಡಿಯುವಾಗ ಎಚ್ಚರ ಬೇಕು.

ಪ್ರಚಾರಸಾಹಿತ್ಯವಾಗಿ ನೋಡಿದರೆ ಅರ್ಧ ಜಾಣತನ, ಅರ್ಧ ಪೆದ್ದುತನ. ಕ್ರೀಟ್, ಟರ್ಕಿ, ಈಜಿಪ್ಟ್‌ನ ದಾಳಿ, ಈ ಮೂರೂ ನಿಜ. ಗ್ರೀಸ್, ಕ್ರೀಟ್‌ಗಳಲ್ಲಿ ಅಷ್ಟು ಜನರನ್ನು ಕಳೆದುಕೊಂಡ ಮೇಲೆ 'ನಮ್ಮ ಹುಡುಗರನ್ನು ಇಂಗ್ಲಿಷರು ಸಾಯಲು ಮುಂದೆ ತಳ್ಳುತ್ತಿದ್ದಾರೆ' ಎಂಬ ಅಸಮಾಧಾನ ಆಸ್ಟ್ರೇಲಿಯದಲ್ಲಿ ಇದ್ದದ್ದೂ ನಿಜ. ಅಲ್ಲಿಗೆ ನಿಲ್ಲಿಸಿ ಹುಳಿ ಹಿಂಡಿದ್ದರೆ ಕೆಲಸ ಆಗುತ್ತಿತ್ತೇನೋ. ಕೊನೆಗೆ ಬೆದರಿಕೆ, ಅಬ್ಬರ, ಆಶ್ಚರ್ಯಸೂಚಕ ಚಿಹ್ನೆ ಸೇರಿಸಿ ಕೆಡಿಸಿಕೊಂಡರು. ಜರ್ಮನ್ ಪ್ರಚಾರ ರೇಡಿಯೊ 'ಇಲಿಗಳು' ಎಂದು ಹಂಗಿಸಿದ್ದನ್ನೇ ಬಿರುದು ಮಾಡಿಕೊಂಡು 'ಟೊಬ್ರುಕ್‌ನ ಇಲಿಗಳು' ಎಂದು ಎದೆಯುಬ್ಬಿಸಿ ತಿರುಗಿದ ಜನ ಅವರು. ಕರಪತ್ರಗಳನ್ನು ಆರಿಸಿ ಮನೆಗೆ ನೆನಪಿನ ಕಾಣಿಕೆಯಾಗಿ ಕಳಿಸಿದರು. ಇಂದು ನಿಮಗೆ ಹರಾಜಿನಲ್ಲಿ ಇವು ಸಿಗುತ್ತಿರುವುದಕ್ಕೆ ಕಾರಣವೇ ಅದು.

ಇನ್ನು ಅಕ್ಷರ. ಅಸಲಿ ಕರಪತ್ರದಲ್ಲಿ ಊರಿನ ಹೆಸರು ಇಂಗ್ಲಿಷರು ಬರೆಯುವಂತೆ 'ಕೆ' ಅಕ್ಷರದಲ್ಲಿ ಮುಗಿಯುವುದಿಲ್ಲ. 'ಸಿ, ಎಚ್' ಎಂದು ಮುಗಿಯುತ್ತದೆ. ಬರೆದದ್ದು ಇಂಗ್ಲಿಷ್ ಕೈಯಲ್ಲ ಎಂಬುದರ ಗುರುತು. ಯಾರಾದರೂ ಪುಸ್ತಕದಲ್ಲಿ ಕಾಗುಣಿತ ತಿದ್ದಿ ಅಚ್ಚಾದ ಪಾಠ ನೋಡಿಕೊಂಡು ಹೊಸದಾಗಿ ಮೊಳೆ ಜೋಡಿಸಿ ನಕಲು ಮಾಡಿದರೆ ಇಲ್ಲಿ 'ಕೆ' ಬಂದುಬಿಡುತ್ತದೆ. ನಿಮ್ಮ ಪ್ರತಿಯಲ್ಲಿ ಏನಿದೆ ನೋಡಿ. 'ಕೆ' ಇದ್ದರೆ ಮುಂದಿನ ಪರೀಕ್ಷೆಗಳ ತೊಂದರೆಯೇ ಬೇಡ. 'ಸಿ, ಎಚ್' ಇದ್ದರೆ ಖುಷಿಪಡಬೇಡಿ, ಅಸಲಿಯ ಫೋಟೊ ತೆಗೆದು ಮಾಡಿದ ನಕಲಿನಲ್ಲೂ ಅದೇ ಇರುತ್ತದೆ.

ಈಗ ಕಾಗದದ ಸರದಿ. ನೋಟು ಪರೀಕ್ಷಿಸಲು ಅಂಗಡಿಗಳಲ್ಲಿ ಇಟ್ಟುಕೊಳ್ಳುವ ಅಲ್ಟ್ರಾವಯಲೆಟ್ ಟಾರ್ಚು ತನ್ನಿ. ಕತ್ತಲೆ ಕೋಣೆಯಲ್ಲಿ ಕರಪತ್ರದ ಮೇಲೆ ಹಾಯಿಸಿ. ಪಕ್ಕದಲ್ಲಿ ಹೋಲಿಕೆಗೆ ಒಂದು ಹಾಳೆ ಜೆರಾಕ್ಸ್ ಪೇಪರ್ ಇಡಿ, ಅದು ಥಳಥಳ ನೀಲಿ-ಬಿಳಿಯಾಗಿ ಹೊಳೆಯುತ್ತದೆ. ಕಾಗದಕ್ಕೆ ಬಿಳುಪು ಕೊಡುವ ರಾಸಾಯನಿಕಗಳ ಕರಾಮತ್ತು ಅದು. ಅವು ಕಾಗದದ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಬಳಕೆಗೆ ಬಂದದ್ದು ಯುದ್ಧ ಮುಗಿದ ಮೇಲೆ, ಸುಮಾರು 1950ರಿಂದೀಚೆಗೆ. ನಿಮ್ಮ ಕರಪತ್ರವೂ ಹಾಗೆಯೇ ಹೊಳೆದರೆ ಅದು 1941ರದ್ದಲ್ಲ, ಅಲ್ಲಿಗೆ ಮುಗಿಯಿತು. ಹೊಳೆಯದೆ ಮಂಕಾಗಿ ಕಂಡರೆ 'ಹಳೆ ಕಾಗದ' ಎಂದಷ್ಟೇ ಹೇಳಬಹುದು. ಹಳೆ ಪುಸ್ತಕಗಳ ಖಾಲಿ ಹಾಳೆ ಹರಿದು ಅದರ ಮೇಲೆ ಮುದ್ರಿಸುವ ಚಾಣಾಕ್ಷರೂ ಇದ್ದಾರೆ.

ಹತ್ತು ಪಟ್ಟು ಹಿಗ್ಗಿಸುವ ಲೂಪ್ ನಿಮ್ಮಲ್ಲಿ ಇದ್ದೇ ಇರುತ್ತದೆ. ಕಪ್ಪಕ್ಷರದ ಅಂಚು ನೋಡಿ. ಮೊಳೆ ಜೋಡಿಸಿ ಅಚ್ಚು ಹಾಕಿದ್ದರೆ ಅಕ್ಷರದ ಅಂಚಿಗೆ ಶಾಯಿ ಒತ್ತರಿಸಿ ಸಣ್ಣ ಏಣಿನಂತೆ ನಿಂತಿರುತ್ತದೆ, ಹಿಂಬದಿಯಲ್ಲಿ ಓರೆ ಬೆಳಕು ಬಿಟ್ಟು ನೋಡಿದರೆ ಅಕ್ಷರದ ಒತ್ತು ಕಾಣುತ್ತದೆ, ಬೆರಳಿಗೂ ತಾಗುತ್ತದೆ. ಆಫ್‌ಸೆಟ್ ಆದರೆ ಅಂಚು ನಯ, ಒತ್ತಿಲ್ಲ; ಆ ಕಾಲದಲ್ಲಿ ಅದೂ ಇತ್ತು, ಆದ್ದರಿಂದ ಒತ್ತಿಲ್ಲವೆಂದು ತಿರಸ್ಕರಿಸಬೇಡಿ. ಆದರೆ ಕಪ್ಪು ಎಂದು ಕಾಣುವ ಅಕ್ಷರದೊಳಗೆ ನೀಲಿ, ಗುಲಾಬಿ, ಹಳದಿ ಚುಕ್ಕೆಗಳು ಕಂಡರೆ ಇಂಕ್‌ಜೆಟ್. ಅಕ್ಷರ ಪ್ಲಾಸ್ಟಿಕ್ಕಿನಂತೆ ಮಿರುಗಿ, ಸುತ್ತ ಕರಿ ಧೂಳಿನ ಕಣಗಳು ಚೆಲ್ಲಿದ್ದರೆ ಲೇಸರ್ ಅಥವಾ ಜೆರಾಕ್ಸ್. ಇವೆರಡಕ್ಕೆ ಯಾವ ವಾದವೂ ಇಲ್ಲ.

ಅಳತೆಯನ್ನು ಮಿಲಿಮೀಟರ್‌ನಲ್ಲಿ ತೆಗೆದು, ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್‌ನ ಆನ್‌ಲೈನ್ ಸಂಗ್ರಹದಲ್ಲಿರುವ ಟೊಬ್ರುಕ್ ಕರಪತ್ರಗಳ ಜೊತೆ ಹೋಲಿಸಿ. ಚಿತ್ರ ನೋಡಿ ಮಾಡಿದ ನಕಲುಗಳು ಸಾಮಾನ್ಯವಾಗಿ ಅಳತೆಯಲ್ಲಿ ಎಡವುತ್ತವೆ. ಇಡೀ ಹಾಳೆ ಸರಿಯಿದ್ದರೂ ಸಾಲಿನ ಉದ್ದ, ಅಂಚಿನ ಖಾಲಿ ಜಾಗ ಒಂದಿಷ್ಟು ಹೆಚ್ಚುಕಡಿಮೆ ಇರುತ್ತದೆ.

ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಹಳತು ಮಾಡಿದ್ದನ್ನು ಕಂಡುಹಿಡಿಯುವುದು ಕಷ್ಟವಲ್ಲ. ನಿಜವಾಗಿ ಹಳೆಯದಾದ ಅಗ್ಗದ ಕಾಗದ ಗಾಳಿ-ಬೆಳಕು ತಾಗಿದ ಅಂಚಿನಿಂದ ಒಳಕ್ಕೆ ಕಂದುತ್ತದೆ, ಮಡಿಕೆಯ ಒಳಭಾಗ ತಿಳಿಯಾಗಿಯೇ ಉಳಿಯುತ್ತದೆ. ಚಹಾ ಹಾಕಿದ್ದರಲ್ಲಿ ಬಣ್ಣ ಎಲ್ಲ ಕಡೆ ಒಂದೇ ಸಮ, ಮಡಿಕೆಯ ಗೀರಿನಲ್ಲಿ ಇನ್ನೂ ಗಾಢ. ಸೈನಿಕರು ಇವನ್ನು ಪೇ-ಬುಕ್ಕಿನಲ್ಲಿ ಮಡಚಿಟ್ಟುಕೊಳ್ಳುತ್ತಿದ್ದರು. ಹಾಗಾಗಿ ಮಡಿಕೆಯ ಗುರುತೇ ಇಲ್ಲದ, ಗರಿಗರಿಯಾದ ಪ್ರತಿ ಬಂದರೆ ಯಾರ ಕೈಯಿಂದ ಬಂತು ಎಂದು ಮಾರಾಟಗಾರನನ್ನು ಕೇಳುವ ಹಕ್ಕು ನಿಮಗಿದೆ.

ಇಷ್ಟು 'ಆಸೀಸ್' ಕತೆ. ನನಗೆ ನಿಜಕ್ಕೂ ಆಸಕ್ತಿ ಹುಟ್ಟಿಸಿದ್ದು ನಿಮ್ಮ ಅಜ್ಜನ ಕಾಗದ.

ಬೋಸರು ಬರ್ಲಿನ್ ತಲುಪಿದ್ದು 1941ರ ಏಪ್ರಿಲ್ ಮೊದಲ ವಾರದಲ್ಲಿ, ಟೊಬ್ರುಕ್ ಮುತ್ತಿಗೆಗೆ ಕೆಲವೇ ದಿನ ಮುಂಚೆ. ಆದರೆ ಆ ವರ್ಷವಿಡೀ ಅವರು ಅಲ್ಲಿರುವುದನ್ನು ಗುಟ್ಟಾಗಿ ಇಟ್ಟಿದ್ದರು. ಓಡಾಡುತ್ತಿದ್ದದ್ದು 'ಒರ್ಲಾಂಡೊ ಮಜೊಟ್ಟಾ' ಎಂಬ ಇಟಾಲಿಯನ್ ಹೆಸರಿನಲ್ಲಿ. ತಮ್ಮ ಹೆಸರಿನಲ್ಲೇ ರೇಡಿಯೊದಲ್ಲಿ ಮಾತಾಡಿದ್ದು 1942ರ ಫೆಬ್ರವರಿಯಲ್ಲಿ, ಸಿಂಗಾಪುರ ಬಿದ್ದ ಮೇಲೆ. ಅಂದಮೇಲೆ 1941ರ ಮುತ್ತಿಗೆಯಲ್ಲಿ ಅವರ ಚಿತ್ರ ಹಾಕಿದ ಕರಪತ್ರ ಬೀಳುವ ಮಾತೇ ಇಲ್ಲ. ಮೆಕಿಲಿಯಲ್ಲಿ ಸೆರೆ ಸಿಕ್ಕ ಭಾರತೀಯರಲ್ಲಿ ಕೆಲವರನ್ನು ಆ ಮೇ ತಿಂಗಳಲ್ಲೇ ಬರ್ಲಿನ್‌ಗೆ ಕರೆದೊಯ್ದರು, ಮುಂದೆ ಅವರಿಂದಲೇ ಜರ್ಮನಿಯ ಇಂಡಿಯನ್ ಲೀಜನ್ ಎಂಬ ಭಾರತೀಯರ ಪಡೆ ಶುರುವಾಯಿತು ಎಂಬುದು ನಿಜ. ಹಾಗೆಂದು ಟೊಬ್ರುಕ್‌ನ ಬಯಲಿಗೂ ನಿಮ್ಮ ಕರಪತ್ರಕ್ಕೂ ನೇರ ನಂಟು ಕಟ್ಟಲಾಗದು.

ಇನ್ನು ಸಮವಸ್ತ್ರ. ಜರ್ಮನಿಯಲ್ಲಿದ್ದಾಗ ಬೋಸರು ಮಿಲಿಟರಿ ಉಡುಪು ತೊಡುತ್ತಿರಲಿಲ್ಲ. ಆ ಕಾಲದ ಫೋಟೊಗಳಲ್ಲಿ ಸೂಟು ಅಥವಾ ಮುಚ್ಚುಗೊರಳ ಕೋಟು. 1943ರ ಫೆಬ್ರವರಿಯಲ್ಲಿ ಸಬ್‌ಮರೀನ್ ಹತ್ತಿ ಜರ್ಮನಿ ಬಿಟ್ಟರು. ಜುಲೈನಲ್ಲಿ ಸಿಂಗಾಪುರದಲ್ಲಿ ಇಂಡಿಯನ್ ನ್ಯಾಷನಲ್ ಆರ್ಮಿಯ (ಐಎನ್‌ಎ) ಹೊಣೆ ಹೊತ್ತ ಮೇಲೆ ನಮಗೆಲ್ಲ ಪರಿಚಯವಾದ ಆ ಟೋಪಿ, ಬೂಟು, ಸಮವಸ್ತ್ರದ ಚಿತ್ರ ಬಂದದ್ದು. 'ಚಲೋ ದಿಲ್ಲಿ' ಘೋಷಣೆ ಅವರು ಆ ಸೇನೆಗೆ ಕೊಟ್ಟದ್ದೂ ಅದೇ ಜುಲೈನಲ್ಲಿ. ಇಂಗ್ಲಿಷ್ ಲಿಪಿಯ ಹಿಂದುಸ್ತಾನಿಯೂ ಅಲ್ಲಿಗೇ ಹೊಂದುತ್ತದೆ. ಬ್ರಿಟಿಷರ ಭಾರತೀಯ ಸೇನೆಯಲ್ಲಿ ಸಿಪಾಯಿಗಳಿಗೆ ಓದು ಕಲಿಸುತ್ತಿದ್ದದ್ದು ರೋಮನ್ ಉರ್ದುವಿನಲ್ಲಿ, ಬೋಸರ ಒಲವು ಕೂಡ ರೋಮನ್ ಲಿಪಿಯ ಹಿಂದುಸ್ತಾನಿಯ ಕಡೆಗೇ ಇತ್ತು. ಎರಡೂ ಕಡೆಯ ಸಿಪಾಯಿ ಓದಬಲ್ಲ ಲಿಪಿ ಅದು. ಹುಬ್ಬಳ್ಳಿ ಕಡೆಯ ಲಾರಿ ಡ್ರೈವರೂ ಪಲ್ಟನ್ನಿನ ಶಾಲೆಯಲ್ಲಿ ಅದನ್ನೇ ಕಲಿತಿರುತ್ತಾರೆ.

ಅಲ್ಲಿಗೆ ಕಾಗದ 1943ರ ಜುಲೈ ನಂತರದ್ದು, ಬರ್ಮಾ ರಣರಂಗದ್ದು. ಆ ಕಡೆ 'ಮುತ್ತಿಗೆ' ಎಂದರೆ ಇಂಫಾಲ್. 1944ರ ಮಾರ್ಚ್ ಕೊನೆಗೆ ಜಪಾನಿಯರು ಕೊಹಿಮಾ ರಸ್ತೆ ಕಡಿದರು. ರಸ್ತೆ ಮತ್ತೆ ತೆರೆದದ್ದು ಜೂನ್ 22ಕ್ಕೆ. ನಡುವಿನ ಅಷ್ಟೂ ದಿನ ಇಂಫಾಲ್‌ನ ಬಯಲಿನಲ್ಲಿ ನಾಲ್ಕನೇ ಕೋರ್‌ನ ಪಡೆಗಳು ವಿಮಾನದಲ್ಲಿ ಬರುವ ಸಾಮಾನಿನ ಮೇಲೆ ಬದುಕಿದವು. ಅಜ್ಜ ಆಫ್ರಿಕಾದಲ್ಲಿದ್ದರಲ್ಲ ಎನ್ನುತ್ತೀರಿ. 5ನೇ ಇಂಡಿಯನ್ ಡಿವಿಷನ್ ಎರಿಟ್ರಿಯಾ, ಪಶ್ಚಿಮ ಮರುಭೂಮಿಗಳಲ್ಲಿ ಹೋರಾಡಿ, ಆಮೇಲೆ ಬರ್ಮಾ ಕರಾವಳಿಯ ಅರಾಕಾನ್‌ಗೆ ಬಂದು, 1944ರ ಮಾರ್ಚ್‌ನಲ್ಲಿ ವಿಮಾನವೇರಿ ಇಂಫಾಲ್‌ಗೆ ಇಳಿಯಿತು. ಎರಡೂ ಕಡೆ ಇದ್ದವರು ಬೇಕಾದಷ್ಟು 'ಮರಳುಗಾಡಿನ ಸುದ್ದಿ'ಯ ಜೊತೆಗೆ 'ಮುತ್ತಿಗೆಯ ಸುದ್ದಿ'ಯನ್ನೂ ಹೇಳಿರುತ್ತಾರೆ. ಮನೆಯಲ್ಲಿ ಎರಡೂ ಕೂಡಿಹೋಗಿರಬಹುದು. ಇದನ್ನು ಖಚಿತಪಡಿಸಲು ಅಜ್ಜನ ಪದಕಗಳನ್ನು ನೋಡಿ. ಮರಳು ಬಣ್ಣದ ರಿಬ್ಬನ್, ಮಧ್ಯೆ ಅಗಲ ಕೆಂಪು ಪಟ್ಟಿ, ಎರಡೂ ಬದಿ ಸಣ್ಣ ನೀಲಿ ಗೆರೆಗಳು: ಅದು ಆಫ್ರಿಕಾ ಸ್ಟಾರ್. ಮಧ್ಯೆ ಕೆಂಪು, ಎರಡೂ ಬದಿ ಗಾಢ ನೀಲಿ, ಆ ನೀಲಿಯೊಳಗೆ ಕಿತ್ತಳೆ ಗೆರೆ ಇದ್ದರೆ ಬರ್ಮಾ ಸ್ಟಾರ್. ಟ್ರಂಕಿನಲ್ಲಿ ಎರಡೂ ಇದ್ದರೆ ನನ್ನ ಊಹೆಗೆ ಬಲ ಬರುತ್ತದೆ. ಡಿಸ್ಚಾರ್ಜ್ ಪುಸ್ತಕ ಸಿಕ್ಕರೆ ಇನ್ನೂ ಒಳ್ಳೆಯದು.

ಇಲ್ಲಿ ಒಂದು ಅಡ್ಡಿ ಇದೆ, ಅದನ್ನು ದಾಟದೆ ಮುಂದೆ ಹೋಗುವಂತಿಲ್ಲ. 1945ರ ನವೆಂಬರ್‌ನಲ್ಲಿ ದಿಲ್ಲಿಯ ಕೆಂಪುಕೋಟೆಯಲ್ಲಿ ಐಎನ್‌ಎ ಅಧಿಕಾರಿಗಳ ವಿಚಾರಣೆ ಶುರುವಾದಾಗ ದೇಶದ ತುಂಬ ಸಮವಸ್ತ್ರದ ಬೋಸರ ಚಿತ್ರಗಳು, 'ಚಲೋ ದಿಲ್ಲಿ' ಕರಪತ್ರಗಳು ಅಚ್ಚಾಗಿ ಹಂಚಿಕೆಯಾದವು. ನಿಮ್ಮದು ಅಂಥದ್ದಲ್ಲ ಎಂದು ಹೇಗೆ ಹೇಳುವುದು? ಕಾಗದದ ಕೆಳಅಂಚು ನೋಡಿ. ನಮ್ಮ ದೇಶದಲ್ಲಿ 1867ರ ಮುದ್ರಣ ಕಾಯ್ದೆಯ ಪ್ರಕಾರ ಅಚ್ಚಾದ ಕಾಗದದ ಮೇಲೆ ಮುದ್ರಕನ ಹೆಸರು, ಊರು ಇರಬೇಕಿತ್ತು. ಪ್ರೆಸ್ಸಿನ ಹೆಸರು ಪುಟ್ಟ ಅಕ್ಷರದಲ್ಲಿದ್ದರೆ ಅದು ಊರಿನೊಳಗಿನ ಕರಪತ್ರ. ಶತ್ರುವಿಮಾನದಿಂದ ಬಿದ್ದದ್ದಕ್ಕೆ ಆ ಸಾಲು ಯಾಕಿರುತ್ತದೆ? ಎರಡನೆಯದಾಗಿ, ಮಾತು ಯಾರನ್ನು ಕುರಿತದ್ದು ಎಂದು ಓದಿ. 'ಹಿಂದುಸ್ತಾನಿ ಸಿಪಾಯಿ ಭಾಯಿಯೋ' ಎಂದು ಕರೆದು, ಬಂದೂಕು ತಿರುಗಿಸಿ ಈ ಕಡೆ ಬನ್ನಿ ಎಂದು ಹೇಳಿದ್ದರೆ ರಣರಂಗದ್ದು. ಊರಿನ ಜನರಿಗೆ ಸಭೆ, ಚಂದಾ, ಹರತಾಳದ ಮಾತು ಹೇಳಿದ್ದರೆ ಅಲ್ಲ. ಒಕ್ಕಣೆಯಲ್ಲಿ 'ಆರ್ಜಿ ಹುಕುಮತ್-ಎ-ಆಜಾದ್ ಹಿಂದ್' (ಸ್ವತಂತ್ರ ಭಾರತದ ತಾತ್ಕಾಲಿಕ ಸರ್ಕಾರ) ಎಂಬ ಮಾತು ಕಂಡರೆ, ಆ ಸರ್ಕಾರ ಘೋಷಣೆಯಾದ 1943ರ ಅಕ್ಟೋಬರ್ 21ರ ನಂತರದ್ದು. ಹುಲಿ ಹಾರುವ ಲಾಂಛನವೇನಾದರೂ ಇದೆಯೇ ನೋಡಿ. ನಮ್ಮ ಕಡೆಯವರಿಗೆ ಟಿಪ್ಪುವಿನ ಹುಲಿಯ ನೆನಪು ತರುವ ಆ ಗುರುತು ಜರ್ಮನಿಯ ಲೀಜನ್, ಪೂರ್ವದ ಐಎನ್‌ಎ ಎರಡರಲ್ಲೂ ಇದ್ದದ್ದರಿಂದ, ಅದೊಂದರಿಂದ ಯಾವ ರಣರಂಗ ಎಂದು ನಿರ್ಧರಿಸಲಾಗದು.

ರಣರಂಗದ್ದೇ ಎಂದಾದರೆ ನಿಮ್ಮ ಹತ್ತಿರ ಇರುವುದು ನಿಜಕ್ಕೂ ಅಪರೂಪದ ವಸ್ತು. ಬ್ರಿಟಿಷರು ಇಂಥ ಕಾಗದಗಳನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಐಎನ್‌ಎ ಪ್ರಚಾರಕ್ಕೆ ಎದುರಾಗಿ ಪಲ್ಟನ್ನುಗಳಲ್ಲಿ 'ಜೋಶ್' ಗುಂಪುಗಳನ್ನೇ ಕಟ್ಟಿದ್ದರು. ಭಾರತೀಯ ಸಿಪಾಯಿಯ ಕಿಟ್‌ಬ್ಯಾಗಿನಲ್ಲಿ ಬೋಸರ ಕರಪತ್ರ ಸಿಕ್ಕುವುದೂ ಆಸ್ಟ್ರೇಲಿಯನ್ನನ ಜೇಬಿನಲ್ಲಿ 'ಆಸೀಸ್' ಸಿಕ್ಕುವುದೂ ಒಂದೇ ಅಲ್ಲ. ಒಬ್ಬನಿಗೆ ತಮಾಷೆ, ಇನ್ನೊಬ್ಬನಿಗೆ ಕೋರ್ಟ್ ಮಾರ್ಷಲ್‌ನ ಭಯ. ಅಜ್ಜ ಅದನ್ನು ಅಷ್ಟು ದೂರ ತಂದು ಟ್ರಂಕಿನ ತಳದಲ್ಲಿಟ್ಟರಲ್ಲ, ಯಾಕಿರಬಹುದೆಂದು ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಸಂಗ್ರಹ ಮುಂದುವರಿಸುವಾಗಲೂ ಇದೇ ಲೆಕ್ಕ ನೆನಪಿರಲಿ. ಎಷ್ಟು ಅಚ್ಚು ಹಾಕಿದರು ಎಂಬುದಕ್ಕಿಂತ, ಇಟ್ಟುಕೊಂಡವನಿಗೆ ಏನಾಗುತ್ತಿತ್ತು ಎಂಬುದು ಕರಪತ್ರದ ಅಪರೂಪವನ್ನು ನಿರ್ಧರಿಸುತ್ತದೆ. 1941ರಿಂದ 1944ರವರೆಗೆ ಮುತ್ತಿಗೆಯಲ್ಲಿದ್ದ ಲೆನಿನ್‌ಗ್ರಾಡ್ ಮೇಲೆ ಜರ್ಮನ್ನರು ರಾಶಿ ರಾಶಿ ಕರಪತ್ರ ಸುರಿದರು, ಆದರೆ ಅಲ್ಲಿ ಅವನ್ನು ಎತ್ತಿಟ್ಟುಕೊಳ್ಳುವುದು ಸೋವಿಯತ್-ವಿರೋಧಿ ಅಪರಾಧ. ಹಸಿದ ಊರಿನ ಯಾರು ಆ ಗಂಡಾಂತರಕ್ಕೆ ಕೈ ಹಾಕುತ್ತಾರೆ? 1915–16ರಲ್ಲಿ ಮೆಸಪಟೋಮಿಯಾದ (ಇಂದಿನ ಇರಾಕ್) ಕುಟ್ ಮುತ್ತಿಗೆಯಲ್ಲೂ ತುರ್ಕಿಗಳು ಭಾರತೀಯ ಸಿಪಾಯಿಗಳಿಗೆ ಅವರವರ ಭಾಷೆಯಲ್ಲೇ ಕರಪತ್ರ ಎಸೆದಿದ್ದರು. ಅದು ಹರಾಜಿಗೆ ಬಂತೆಂದು ಯಾರಾದರೂ ಹೇಳಿದರೆ ಹತ್ತು ಸಲ ಅನುಮಾನಿಸಿ. ಇದಕ್ಕೆ ತದ್ವಿರುದ್ಧ ಉದಾಹರಣೆ, 1944–45ರಲ್ಲಿ ಮಿತ್ರಪಡೆಗಳು ಜರ್ಮನ್ ಸೈನಿಕರಿಗಾಗಿ ತಮ್ಮ ದಂಡನಾಯಕ ಐಸೆನ್‌ಹೋವರ್ ಸಹಿ ಹಾಕಿ ಅಚ್ಚು ಮಾಡಿದ, ಶರಣಾಗಿ ಬರುವವರ ಸುರಕ್ಷಾ ಪಾಸ್. ಮೂಲೆಯಲ್ಲಿ 'ಜೆಡ್‌ಜಿ 61' ಎಂಬ ಸಂಕೇತ ಇರುತ್ತದೆ. ಕೋಟಿಗಟ್ಟಲೆ ಅಚ್ಚಾದದ್ದು, ಈಗಲೂ ಕಡಿಮೆ ಬೆಲೆಗೆ ಸಿಗುತ್ತದೆ. ಅಸಲಿ ಹೇಗಿರುತ್ತದೆ ಎಂದು ಕೈಯಲ್ಲಿ ಹಿಡಿದು ಕಲಿಯಲು ಮೊದಲು ಇಂಥದ್ದೊಂದು ಕೊಳ್ಳಿ.

ಟೊಬ್ರುಕ್‌ಗೇ ಅಂಟಿಕೊಳ್ಳುವ ಮನಸ್ಸಿದ್ದರೆ ಶತ್ರುವಿನ ಕರಪತ್ರದ ಜೊತೆಗೆ ಒಳಗಿನವರ ಕಾಗದವನ್ನೂ ಹುಡುಕಿ. ಬಿಬಿಸಿ ಸುದ್ದಿ ಕೇಳಿ ಬರೆದು ಸೈಕ್ಲೋಸ್ಟೈಲ್ ಮಾಡಿ ಹಂಚುತ್ತಿದ್ದ 'ಟೊಬ್ರುಕ್ ಟ್ರೂತ್' ಎಂಬ ದಿನಪತ್ರಿಕೆ ಮುತ್ತಿಗೆಯೊಳಗೇ ನಡೆಯಿತು. ಅದೇ ವಾರದ ಎರಡೂ ಕಡೆಯ ಕಾಗದ ಪಕ್ಕಪಕ್ಕ ಇಟ್ಟರೆ ಪ್ರದರ್ಶನದಲ್ಲಿ ಅದಕ್ಕಿಂತ ಚೆನ್ನಾದ ಫ್ರೇಮ್ ಇನ್ನೊಂದಿಲ್ಲ. ಬ್ರಿಟನ್ನಿನಲ್ಲಿ 1958ರಿಂದ ಸೈವಾರ್ ಸೊಸೈಟಿ ಎಂಬ ಸಂಗ್ರಾಹಕರ ಸಂಘವಿದೆ. ಅಲ್ಲಿನವರು ಗುರುತು ಹಚ್ಚುವುದರಲ್ಲಿ ಪಳಗಿದವರು.

ಕೊನೆಗೆ ಕಾಪಾಡುವ ಮಾತು. ಲ್ಯಾಮಿನೇಷನ್ ಮಾಡಿಸಬೇಡಿ, ದಯವಿಟ್ಟು. ಸೆಲ್ಲೋಟೇಪ್ ಬೇಡ, ಪಿನ್ನು ಬೇಡ, ಬೆಲೆ ಕಟ್ಟಿದ ಸ್ಟಿಕ್ಕರ್ ಬೇಡ. ಪಿವಿಸಿ ಕವರಿನಲ್ಲಿಟ್ಟರೆ ಕೆಲವೇ ವರ್ಷಗಳಲ್ಲಿ ಅಂಟಾಗಿ ಅಕ್ಷರ ಎತ್ತಿಕೊಳ್ಳುತ್ತದೆ. ಪಾಲಿಯೆಸ್ಟರ್ ಕವರು, ಹಿಂದೆ ಆಸಿಡ್ ಇಲ್ಲದ ದಪ್ಪ ಕಾಗದ, ಅಷ್ಟು ಸಾಕು. ಅಜ್ಜನ ಕರಪತ್ರದ ಮಡಿಕೆಗಳನ್ನು ಇಸ್ತ್ರಿ ಹಾಕಿ ನೇರ ಮಾಡಲು ಹೋಗಬೇಡಿ.

ಎರಡರಲ್ಲಿ ಯಾವುದನ್ನಾದರೂ ಹೊರದೇಶಕ್ಕೆ ಮಾರುವ ಯೋಚನೆ ಬಂದರೆ 1972ರ ಪುರಾತನ ವಸ್ತುಗಳ ಕಾಯ್ದೆ ನೆನಪಿರಲಿ. ಐತಿಹಾಸಿಕ ಬೆಲೆಯುಳ್ಳ ದಾಖಲೆಪತ್ರಗಳಿಗೆ ಆ ಕಾಯ್ದೆ ಇಟ್ಟಿರುವ ಗಡುವು 75 ವರ್ಷ. ಅಜ್ಜನ ಕರಪತ್ರ ಆ ಗಡುವು ದಾಟಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳದೆ ಅಂಚೆಗೆ ಹಾಕಿದರೆ ತೊಂದರೆ ತಪ್ಪಿದ್ದಲ್ಲ. ಅದಕ್ಕೂ ಮೊದಲು ಎರಡರದ್ದೂ ಮುಂದಣ-ಹಿಂದಣ ಬದಿಯ ಫೋಟೊ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಒಮ್ಮೆ ನೇರ ಬೆಳಕಿನಲ್ಲಿ ಒಮ್ಮೆ ಓರೆ ಬೆಳಕಿನಲ್ಲಿ ತೆಗೆದು ಕಳಿಸಿ. ಅಜ್ಜನದರ ಕೆಳಅಂಚು, ಡಿಸ್ಚಾರ್ಜ್ ಪುಸ್ತಕದ ಯೂನಿಟ್ ಬರೆದ ಪುಟ ಎರಡನ್ನೂ ಹತ್ತಿರದಿಂದ ತೆಗೆಯಿರಿ.